ಹಳೇ ಫೋನುಗಳ ಚಾಳಿ ಮತ್ತು ನನ್ನ ಮಗಳ ಕೆಲಸ

ಮಾನ್ಯ ಸಂಪಾದಕರೇ,

ಹೋದ ವಾರ ನಿಮ್ಮ ವಾಚಕರ ಪತ್ರಗಳಲ್ಲಿ ಒಬ್ಬರು ಬರೆದಿದ್ದರು. ಕೊರೊನಾ ಹೊತ್ತಿಗೆ ಊರಿಗೆ ಬಂದ ಸಾಫ್ಟ್‌ವೇರ್ ಮಕ್ಕಳು ಇಡೀ ದಿನ ಬಾಗಿಲು ಹಾಕಿಕೊಂಡು ಕೂರುತ್ತಾರೆ, ತೋಟದ ಕಡೆ ತಲೆ ಹಾಕುವುದಿಲ್ಲ, ಇವರ ಕೆಲಸದಿಂದ ಊರಿಗೆ ಬಂದದ್ದೇನು ಅಂತ. ಬರೆದವರ ಮೇಲೆ ನನಗೆ ಬೇಜಾರಿಲ್ಲ. ಇದೇ ಪ್ರಶ್ನೆಯನ್ನು ನಾನೂ ನನ್ನ ಮಗಳಿಗೆ ಕೇಳಿದ್ದೆ, ಸ್ವಲ್ಪ ಗಡುಸಾಗಿಯೇ ಕೇಳಿದ್ದೆ. ಆಗ ಅವಳು ಏನೂ ಹೇಳಲಿಲ್ಲ. ಎರಡು ಮಳೆಗಾಲ ಅವಳ ಕೆಲಸವನ್ನು ಹತ್ತಿರದಿಂದ ನೋಡಿದ ಮೇಲೆ ನನಗೇ ಉತ್ತರ ಸಿಕ್ಕಿತು. ಅದನ್ನು ಬರೆಯುತ್ತಿದ್ದೇನೆ. ಪತ್ರ ಉದ್ದವಾಗಿದೆ, ಜಾಗ ಮಾಡಿಕೊಡಿ.

ನಾನು ತೀರ್ಥಹಳ್ಳಿಯಲ್ಲಿ ಫೋಟೋ ಸ್ಟುಡಿಯೋ ನಡೆಸುವವನು. 1986ರಲ್ಲಿ ಬಾಗಿಲು ತೆರೆದದ್ದು. ಆಗ ನನ್ನ ಹತ್ತಿರ ಇದ್ದದ್ದು ಒಂದು ಯಾಶಿಕಾ ಮ್ಯಾಟ್ 124 ಜಿ, ಒಂದು ಫ್ಲಾಶ್, ಎರಡು ಸ್ಟ್ಯಾಂಡ್ ಲೈಟು. ಒಂದು ರೋಲಿಗೆ ಹನ್ನೆರಡು ಫೋಟೋ. ಎಳ್ಳಮಾವಾಸ್ಯೆ ಜಾತ್ರೆಯ ದಿನಗಳಲ್ಲಿ ಹಳ್ಳಿಗಳಿಂದ ಬಂದವರು ಹೊಳೆಯಲ್ಲಿ ಮಿಂದು, ರಾಮೇಶ್ವರನ ದರ್ಶನ ಮಾಡಿ, ಹಾಗೇ ನಮ್ಮಲ್ಲಿ ಬಂದು ಸಾಲಾಗಿ ನಿಲ್ಲುತ್ತಿದ್ದರು. ಈಗ ಫೋಟೋಕ್ಕಿಂತ ಝೆರಾಕ್ಸು, ಲ್ಯಾಮಿನೇಶನ್ ಜಾಸ್ತಿ. ಕ್ಯಾಮೆರಾ ಎಲ್ಲರ ಜೇಬಿನಲ್ಲೇ ಇದೆಯಲ್ಲ. ಆ ಜೇಬಿನೊಳಗಿನ ಕ್ಯಾಮೆರಾದ ಕೆಲಸವನ್ನೇ ನನ್ನ ಮಗಳು ಮಾಡುತ್ತಾಳೆ ಅಂತ ನನಗೆ ತಿಳಿದದ್ದು ಬಹಳ ತಡವಾಗಿ.

ಅವಳು ಶಿವಮೊಗ್ಗದಲ್ಲಿ ಇಂಜಿನಿಯರಿಂಗ್ ಓದಿ ಬೆಂಗಳೂರಿಗೆ ಹೋದವಳು. 2020ರಲ್ಲಿ ಮನೆಗೆ ಬಂದಳು, ಆಮೇಲೆ ಇಲ್ಲಿಂದಲೇ ಕೆಲಸ. ಹಗಲು ಕಂಪನಿಯ ಕೆಲಸ. ರಾತ್ರಿ ಊಟ ಆದ ಮೇಲೆ ಎರಡು ಗಂಟೆ ಬೇರೆಯದೇ ಒಂದು ಕೆಲಸ, ಅದಕ್ಕೆ ಸಂಬಳ ಇಲ್ಲ. ಏನೇ ಅದು ಅಂತ ಕೇಳಿದರೆ 'ಕ್ಯಾಮೆರಾಎಕ್ಸ್ ಅಂತ ಒಂದು ಲೈಬ್ರರಿ ಅಪ್ಪಯ್ಯ' ಅನ್ನುತ್ತಿದ್ದಳು. ಲೈಬ್ರರಿ ಅಂದರೆ ನನಗೆ ಗೊತ್ತಿದ್ದದ್ದು ಪುಸ್ತಕದ್ದು ಮಾತ್ರ. ಆ್ಯಪ್ ಬರೆಯುವವರು ತಮ್ಮ ಆ್ಯಪ್‌ನೊಳಗೆ ಸೇರಿಸಿಕೊಳ್ಳುವ ಸಿದ್ಧ ಕೋಡಿಗೂ ಲೈಬ್ರರಿ ಅನ್ನುತ್ತಾರಂತೆ.

ಅವಳು ವಿವರಿಸಿದ ಮೇಲೆ ಅದನ್ನು ನನ್ನ ಕೆಲಸದ ಲೆಕ್ಕದಲ್ಲಿ ಹೀಗೆ ಅರ್ಥ ಮಾಡಿಕೊಂಡೆ. ಮೊದಲೆಲ್ಲ ಫಿಲ್ಮ್ ತೊಳೆಯುವ ಡೆವಲಪರನ್ನು ನಾವೇ ಕಲಸಿಕೊಳ್ಳುತ್ತಿದ್ದೆವು. ಡಿ-76 ಎಂಬ ಡೆವಲಪರ್ ಬೇಕೆಂದರೆ ಒಂದು ಲೀಟರಿಗೆ ಮೆಟಾಲ್ 2 ಗ್ರಾಂ, ಸೋಡಿಯಂ ಸಲ್ಫೈಟ್ 100 ಗ್ರಾಂ, ಹೈಡ್ರೋಕ್ವಿನೋನ್ 5 ಗ್ರಾಂ, ಬೋರಾಕ್ಸ್ 2 ಗ್ರಾಂ. ತೂಕ ಸರಿ ಇದ್ದರೆ ಸಾಲದು, ಹಾಕುವ ಕ್ರಮವೂ ಸರಿ ಇರಬೇಕು. ಮೆಟಾಲ್ ಮೊದಲು ಕರಗಬೇಕು. ಸಲ್ಫೈಟ್ ಪೂರ್ತಿ ಸುರಿದ ಮೇಲೆ ಹಾಕಿದರೆ ಅದು ಸರಿಯಾಗಿ ಕರಗುವುದಿಲ್ಲ. ಮಳೆಗಾಲದಲ್ಲಿ ನಮ್ಮ ಕಡೆ ಡಬ್ಬಿಯೊಳಗಿನ ಪುಡಿಯೆಲ್ಲ ತೇವ ಎಳೆದು ಗಟ್ಟಿ ಆಗುತ್ತದೆ, ತೂಕವೂ ತಪ್ಪುತ್ತದೆ. ಪ್ಯಾಕೆಟ್ ಡಿ-76 ಕೈಗೆ ಸಿಗತೊಡಗಿದ ಮೇಲೆ ಈ ಕಷ್ಟ ತಪ್ಪಿತು. ನೀರು ಕಾಯಿಸು, ಪ್ಯಾಕೆಟ್ ಒಡೆದು ಹಾಕು, ಕಲಸು.

ಆಂಡ್ರಾಯ್ಡ್ ಫೋನಿನ ಕ್ಯಾಮೆರಾದ ಕಥೆಯೂ ಹಾಗೇ ಇದೆ. 2014ರಲ್ಲಿ ಆಂಡ್ರಾಯ್ಡ್ 5 ಬಂದಾಗ ಕ್ಯಾಮೆರಾ2 ಎಂಬ ಹೊಸ ಏರ್ಪಾಡು ಬಂತು. ಬೆಳಕು, ಫೋಕಸ್, ಎಕ್ಸ್‌ಪೋಶರ್ ಎಲ್ಲವನ್ನೂ ಆ್ಯಪ್ ಬರೆಯುವವರೇ ಹಿಡಿತದಲ್ಲಿ ಇಟ್ಟುಕೊಳ್ಳಬಹುದು. ಆದರೆ ಎಲ್ಲವನ್ನೂ ಅವರೇ ತೂಗಿ ಹಾಕಬೇಕು. ಕ್ಯಾಮೆರಾ ತೆರೆಯಬೇಕು, ಸೆಷನ್ ಕಟ್ಟಬೇಕು, ಒಂದೊಂದು ಫೋಟೋಕ್ಕೂ ಬೇಡಿಕೆ ಬರೆದು ಕಳಿಸಬೇಕು, ಮಧ್ಯೆ ಫೋನ್ ಕಾಲ್ ಬಂದರೆ ಮರೆಯದೆ ಮುಚ್ಚಬೇಕು. ಒಂದು ಹೆಜ್ಜೆ ತಪ್ಪಿದರೆ ಪರದೆ ಕಪ್ಪು. ಒಂದು ಸಣ್ಣ ಕ್ಯೂಆರ್ ಓದುವ ಆ್ಯಪ್ ಮಾಡಬೇಕಾದರೂ ಇಷ್ಟೆಲ್ಲ ಒದ್ದಾಟ. 2019ರ ಮೇ ತಿಂಗಳಲ್ಲಿ ಗೂಗಲ್ ಈ ಕ್ಯಾಮೆರಾಎಕ್ಸ್ ಅನ್ನು ಹೊರಗೆ ತಂದಿತು. 2021ರ ಮೇ ತಿಂಗಳಲ್ಲಿ ಅದರ ಮೊದಲ ಪಕ್ಕಾ ಆವೃತ್ತಿ ಬಂತು. ಪರದೆಯಲ್ಲಿ ತೋರಿಸುವುದು, ಫೋಟೋ ತೆಗೆಯುವುದು, ಬರುವ ಚಿತ್ರಗಳನ್ನು ಲೆಕ್ಕಾಚಾರಕ್ಕೆ ಕೊಡುವುದು, ಈ ಮೂರು ಕೆಲಸ ಅದರಲ್ಲಿ ಸಿದ್ಧವಾಗಿಯೇ ಇವೆ. ವಿಡಿಯೋ ಆಮೇಲೆ ಸೇರಿತು. ಆ್ಯಪ್ ಮರೆಯಾದರೆ ಕ್ಯಾಮೆರಾ ತಾನಾಗಿ ಮುಚ್ಚಿಕೊಳ್ಳುತ್ತದೆ. ಇದರ ಕೋಡ್ ಯಾರು ಬೇಕಾದರೂ ಓದಬಹುದು, ತಿದ್ದುಪಡಿ ಬರೆದು ಕಳಿಸಬಹುದು. ನನ್ನ ಮಗಳು ಕಳಿಸುವುದು ಅಂಥ ತಿದ್ದುಪಡಿಗಳನ್ನೇ.

ಒಂದು ರಾತ್ರಿ ಅವಳ ಪಕ್ಕದಲ್ಲಿ ಕೂತು ಪರದೆ ನೋಡಿದೆ. ಒಂದು ಕಡೆ ಉದ್ದಕ್ಕೆ ಸಣ್ಣ ಸಣ್ಣ ಕಡತಗಳ ಪಟ್ಟಿ. ಒಂದೊಂದು ಕಡತಕ್ಕೆ ಒಂದೊಂದು ತೊಂದರೆಯ ಹೆಸರು. ಈ ಫೋನಿನಲ್ಲಿ ಪರದೆಯ ಚಿತ್ರ ಹಿಗ್ಗುತ್ತದೆ. ಈ ಫೋನಿನಲ್ಲಿ ಫ್ಲಾಶ್ ಹಾಕಿದರೆ ಫೋಟೋ ಬಿಳುಚಿಕೊಳ್ಳುತ್ತದೆ. ಇದರಲ್ಲಿ ಕತ್ತಲಾಗುತ್ತದೆ. ಹೀಗೆ. ಇಂಗ್ಲಿಷಿನಲ್ಲಿ ಅದಕ್ಕೆ ಕ್ವರ್ಕ್ ಅನ್ನುತ್ತಾರಂತೆ. ನಾನು 'ಚಾಳಿ' ಅಂದೆ. ಅವತ್ತಿನಿಂದ ನಮ್ಮ ಮನೆಯಲ್ಲಿ ಅದಕ್ಕೆ ಅದೇ ಹೆಸರು. ಆ್ಯಪ್‌ನಲ್ಲಿ ಕ್ಯಾಮೆರಾ ಚಾಲೂ ಆಗುವಾಗ ಲೈಬ್ರರಿ ಫೋನಿನ ಮಾಡೆಲ್ ಹೆಸರು ನೋಡಿಕೊಳ್ಳುತ್ತದೆ. ಆ ಹೆಸರು ಚಾಳಿಯ ಪಟ್ಟಿಯಲ್ಲಿ ಇದ್ದರೆ, ಅದಕ್ಕೆ ತಕ್ಕ ಉಪಾಯವನ್ನು ಸದ್ದಿಲ್ಲದೆ ಮಾಡುತ್ತದೆ. ಆ್ಯಪ್ ಬರೆದವರಿಗೂ ಗೊತ್ತಾಗುವುದಿಲ್ಲ, ಫೋಟೋ ಹಿಡಿದವರಿಗೂ ಗೊತ್ತಾಗುವುದಿಲ್ಲ.

ಫೋನಿಗೆ ಚಾಳಿ ಯಾಕೆ ಬರುತ್ತದೆ? ಒಬ್ಬೊಬ್ಬ ಕಂಪನಿಯವರು ಒಂದೊಂದು ಸೆನ್ಸರ್ ತರುತ್ತಾರೆ, ಅದನ್ನು ನಡೆಸುವ ಒಳಗಿನ ಸಾಫ್ಟ್‌ವೇರ್ ತಾವೇ ಬರೆಯುತ್ತಾರೆ. ಕೂರಿಸುವ ರೀತಿಯೂ ಬೇರೆ. ಸಾಮಾನ್ಯವಾಗಿ ಫೋನಿನ ಹಿಂದಿನ ಸೆನ್ಸರ್ ಅಡ್ಡಲಾಗಿ ಕೂತಿರುತ್ತದೆ, ಚಿತ್ರವನ್ನು 90 ಡಿಗ್ರಿ ತಿರುಗಿಸಿ ತೋರಿಸಬೇಕು. 2015ರಲ್ಲಿ ಬಂದ ನೆಕ್ಸಸ್ 5ಎಕ್ಸ್‌ನಲ್ಲಿ ಅದು 270 ಡಿಗ್ರಿ. ಎಲ್ಲ ಫೋನೂ 90 ಅಂತ ನಂಬಿ ಬರೆದ ಆ್ಯಪ್‌ಗಳಲ್ಲಿ ಆಗ ಲೋಕವೇ ತಲೆಕೆಳಗೆ ಕಂಡಿತು. ಇದನ್ನು ಕೇಳಿ ನನಗೆ ನಾನು ಕೆಲಸ ಕಲಿತ ಶಿವಮೊಗ್ಗದ ಸ್ಟುಡಿಯೋ ನೆನಪಾಯಿತು. ಅಲ್ಲಿ ಮರದ ಫೀಲ್ಡ್ ಕ್ಯಾಮೆರಾ ಇತ್ತು. ಕಪ್ಪು ಬಟ್ಟೆಯೊಳಗೆ ತಲೆ ಹಾಕಿದರೆ ಗಾಜಿನ ಮೇಲೆ ಜನ ತಲೆಕೆಳಗಾಗಿಯೇ ನಿಂತಿರುತ್ತಿದ್ದರು. ಯಾಶಿಕಾದಲ್ಲಿ ಎಡ ಬಲ ಅದಲುಬದಲು. ಆಗ ತಿರುಗಿಸಿಕೊಂಡು ನೋಡುವುದು ನಮ್ಮ ತಲೆಯ ಕೆಲಸ. ಈಗ ಆ ಕೆಲಸವನ್ನು ಯಾರೋ ಒಬ್ಬರು ಕೂತು ಕೋಡಿನಲ್ಲಿ ಮಾಡಿಟ್ಟಿರುತ್ತಾರೆ, ಅಷ್ಟೇ.

ಈಗ ನಮ್ಮ ಭಾವನ ಫೋನಿನ ವಿಷಯ ಹೇಳುತ್ತೇನೆ. ಈ ಪತ್ರ ಬರೆಯಲು ಮುಖ್ಯ ಕಾರಣವೇ ಅದು.

ಭಾವನ ಅಡಿಕೆ ತೋಟ ಆಗುಂಬೆ ಕಡೆ. ವರ್ಷಕ್ಕೆ ಏಳು ಸಾವಿರ ಮಿಲಿಮೀಟರ್ ದಾಟುವ ಮಳೆ. ಜುಲೈನಲ್ಲಿ ಮಧ್ಯಾಹ್ನ ಮೂರು ಗಂಟೆಗೇ ತೋಟದೊಳಗೆ ಸಂಜೆಯ ಬೆಳಕು. ಎಲೆಚುಕ್ಕಿ ರೋಗ ಬಂದ ಮೇಲೆ ಅವರಿಗೆ ನಿದ್ದೆ ಇಲ್ಲ. ಮೊದಲು ಕೊಳೆ ರೋಗ ಒಂದೇ ಇತ್ತು, ಬೋರ್ಡೋ ದ್ರಾವಣ ಹೊಡೆದು ಹೇಗೋ ಸುಧಾರಿಸುತ್ತಿದ್ದರು. ಈಗ ಸೋಗೆಗೇ, ಅಂದರೆ ಅಡಿಕೆಯ ಗರಿಗೇ, ಚುಕ್ಕಿ. ರೋಗದ ಸಲಹೆ ಕೊಡುವ ಒಂದು ಆ್ಯಪ್ ಹಾಕಿಕೊಂಡು, ಸೋಗೆಯ ಫೋಟೋ ಕಳಿಸಲು ನೋಡಿದರು. ಆ್ಯಪ್‌ನಿಂದ ತೆಗೆದರೆ ಫೋಟೋ ಬರೀ ಕಪ್ಪು. ಫ್ಲಾಶ್ ಮಿನುಗುತ್ತದೆ, ಆದರೂ ಫೋಟೋದಲ್ಲಿ ಏನೂ ಇಲ್ಲ. 'ಚಿತ್ರ ಸ್ಪಷ್ಟವಾಗಿಲ್ಲ' ಅಂತ ಆ್ಯಪ್ ವಾಪಸ್ ಕಳಿಸುತ್ತದೆ. ನಾಲ್ಕು ದಿನ ಹೀಗೇ ಆಯಿತು. ಕಡೆಗೆ ಮಳೆಯಲ್ಲೇ ಬಸ್ ಹತ್ತಿ ಸ್ಟುಡಿಯೋಕ್ಕೆ ಬಂದರು. 'ನಿಂಗೆ ಕ್ಯಾಮೆರಾ ಗೊತ್ತಲ್ಲ ಮಾರಾಯ, ನೋಡು' ಅಂದರು.

ನಾನು ಮೊದಲು ನೋಡಿದ್ದು ಲೆನ್ಸಿಗೆ ಬೂಸ್ಟು ಹಿಡಿದಿದೆಯೇ ಅಂತ. ಮಲೆನಾಡಿನಲ್ಲಿ ಕ್ಯಾಮೆರಾ ಇಟ್ಟುಕೊಂಡವರಿಗೆ ಇದು ಗೊತ್ತು. ಎರಡು ಮಳೆಗಾಲ ಪೆಟ್ಟಿಗೆಯಲ್ಲಿ ಮುಚ್ಚಿಟ್ಟರೆ ಲೆನ್ಸಿನೊಳಗೆ ಜೇಡರ ಬಲೆಯ ಹಾಗೆ ಬೂಸ್ಟು ಬೆಳೆಯುತ್ತದೆ. ಭೂತಗನ್ನಡಿ ಹಿಡಿದು ನೋಡಿದೆ. ಲೆನ್ಸು ಶುದ್ಧವಾಗಿತ್ತು. ಫೋನಿನದೇ ಕ್ಯಾಮೆರಾದಲ್ಲಿ ತೆಗೆದರೆ ಅದೇ ಸೋಗೆ ಚೆನ್ನಾಗಿ ಬಂತು. ಆ್ಯಪ್‌ನಲ್ಲಿ ಮಾತ್ರ ಕಪ್ಪು. ಸಂಜೆ ಮಗಳಿಗೆ ತೋರಿಸಿದೆ. ಅವಳ ಮುಖ ಅರಳಿತು. 'ಇದು ಚಾಳಿಯೇ ಇರಬೇಕು ಅಪ್ಪಯ್ಯ' ಅಂದಳು. ಫೋನ್ ಮಾಡಿದವರಿಗೆ ತಮ್ಮ ಫೋನಿನ ಸ್ವಭಾವ ಗೊತ್ತು, ಅವರ ಕ್ಯಾಮೆರಾ ಆ್ಯಪ್ ಅದಕ್ಕೆ ತಕ್ಕ ಹಾಗೆ ಇರುತ್ತದೆ. ಹೊರಗಿನ ಆ್ಯಪ್‌ಗೆ ಅದು ಗೊತ್ತಿಲ್ಲ. ವ್ಯತ್ಯಾಸ ಬರುವುದು ಅಲ್ಲೇ.

ಪರೀಕ್ಷೆ ಮಾಡಲು ನಮಗೆ ಒಳ್ಳೆ ಜಾಗ ಇತ್ತು. ನನ್ನ ಡಾರ್ಕ್ ರೂಮು. ಹದಿನೈದು ವರ್ಷದಿಂದ ಹಳೇ ಆಲ್ಬಮ್ಮುಗಳ ಗೋದಾಮು ಆಗಿತ್ತು. ಅದನ್ನು ಖಾಲಿ ಮಾಡಿದೆವು. ಎನ್‌ಲಾರ್ಜರ್ ಇದ್ದ ಗೋಡೆಗೆ ಚುಕ್ಕಿ ಬಿದ್ದ ಸೋಗೆಯ ತುಂಡು ಅಂಟಿಸಿದೆವು. 30 ಸೆಂಟಿಮೀಟರ್, 60 ಸೆಂಟಿಮೀಟರ್, ಒಂದು ಮೀಟರ್, ಹೀಗೆ ನೆಲದ ಮೇಲೆ ಸುಣ್ಣದ ಗೆರೆ ಎಳೆದೆವು. ಒಂದೊಂದು ದೂರದಿಂದ ಹತ್ತು ಹತ್ತು ಫೋಟೋ. ಫ್ಲಾಶ್ ಇಟ್ಟು, ಫ್ಲಾಶ್ ಇಲ್ಲದೆ, ಟಾರ್ಚ್ ಹಾಕಿ. ಬರೆದುಕೊಳ್ಳುವ ಕೆಲಸ ನನ್ನದು. ನನ್ನ ಹಳೇ ಆರ್ಡರ್ ಪುಸ್ತಕದಲ್ಲೇ ಬರೆದೆ. ಅಪ್ಪ ಮಗಳು ಹೀಗೆ ಜೊತೆಗೆ ಕೂತು ಕೆಲಸ ಮಾಡಿದ್ದು ಅವಳು ಹೈಸ್ಕೂಲಿನಲ್ಲಿ ಇದ್ದಾಗ ಪ್ರಿಂಟು ತೊಳೆದ ಮೇಲೆ ಅದೇ ಮೊದಲು.

ಫ್ಲಾಶಿನ ವಿಷಯ ನನಗೆ ಗೊತ್ತಿದ್ದದ್ದನ್ನು ಹೇಳಿದೆ. ನಮ್ಮ ಕಾಲದಲ್ಲಿ ಗೈಡ್ ನಂಬರಿನ ಲೆಕ್ಕ, ಅಂದರೆ ಫ್ಲಾಶಿನ ಶಕ್ತಿಯ ಅಂಕೆಯನ್ನು ದೂರದಿಂದ ಭಾಗಿಸಿ ಲೆನ್ಸಿನ ಬಾಯಿ, ಅಂದರೆ ಅಪರ್ಚರ್, ಎಷ್ಟು ತೆರೆಯಬೇಕು ಅಂತ ನೋಡುವುದು. ಫ್ಲಾಶಿನ ಗೈಡ್ ನಂಬರ್ 32, ಮದುಮಕ್ಕಳು ನಾಲ್ಕು ಮೀಟರ್ ದೂರ, ಹಾಗಾದರೆ ಅಪರ್ಚರ್ 8. ದೂರ ತಪ್ಪಿ ಅಂದಾಜು ಮಾಡಿದರೆ ಫೋಟೋ ಕಪ್ಪು, ಇಲ್ಲವೇ ಸುಟ್ಟ ಹಾಗೆ ಬಿಳಿ. ಫೋನು ಹೀಗೆ ಲೆಕ್ಕ ಹಾಕುವುದಿಲ್ಲವಂತೆ. ಅದು ಮೊದಲು ಒಂದು ಸಲ ಬೆಳಕು ಬಿಟ್ಟು ಅಳೆಯುತ್ತದೆ. ಆ ಅಳತೆಯ ಮೇಲೆ ಎಕ್ಸ್‌ಪೋಶರ್ ಗೊತ್ತು ಮಾಡಿ, ಮತ್ತೆ ಬೆಳಕು ಬಿಟ್ಟು ಫೋಟೋ ತೆಗೆಯುತ್ತದೆ. ಅಳೆದ ಗಳಿಗೆಗೂ ತೆಗೆದ ಗಳಿಗೆಗೂ ಹೊಂದಿಕೆ ತಪ್ಪಿದರೆ ಕೆಲಸ ಕೆಟ್ಟಿತು. ನಾನು ಅಂದೆ, 'ಹಾಗಾದರೆ ಮದುವೆ ಮನೆಯ ವಿಡಿಯೋ ಲೈಟಿನ ಹಾಗೆ ಮಾಡು. ಮಿನುಗಿಸಬೇಡ. ಮೊದಲೇ ಲೈಟ್ ಹಾಕಿಟ್ಟು, ಅದು ನಿಂತ ಮೇಲೆ ತೆಗಿ.' ಅವಳು ನಕ್ಕಳು. ಆ ಉಪಾಯ ಲೈಬ್ರರಿಯಲ್ಲಿ ಆಗಲೇ ಇತ್ತು. ಬೇರೆ ಕೆಲವು ಫೋನುಗಳಿಗೆ ಟಾರ್ಚನ್ನೇ ಫ್ಲಾಶಿನ ಬದಲು ಉರಿಸುವ ಏರ್ಪಾಡು ಮಾಡಿಟ್ಟಿದ್ದರು. ಭಾವನ ಫೋನಿನ ಮಾಡೆಲ್ ಮಾತ್ರ ಆ ಪಟ್ಟಿಯಲ್ಲಿ ಇರಲಿಲ್ಲ.

ಹಾಗಾದರೆ ಒಂದು ಹೆಸರು ಸೇರಿಸಿದರೆ ಮುಗಿಯಿತಲ್ಲ ಅಂದುಕೊಂಡೆ. ಮುಗಿಯಲಿಲ್ಲ. ಮೊದಲು ತೊಂದರೆಯ ವರದಿ ಬರೆಯಬೇಕು. ಫೋನಿನ ಮಾಡೆಲ್, ಆಂಡ್ರಾಯ್ಡ್ ಆವೃತ್ತಿ, ಲೈಬ್ರರಿಯ ಆವೃತ್ತಿ, ಏನು ಮಾಡಿದರೆ ಏನಾಗುತ್ತದೆ, ಜೊತೆಗೆ ಫೋಟೋಗಳು. ಆಮೇಲೆ ತಿದ್ದುಪಡಿ, ಅದರ ಜೊತೆ ಅದನ್ನು ಪರೀಕ್ಷಿಸುವ ಕೋಡು. ಅದು ಗೆರಿಟ್ ಎಂಬ ಜಾಗಕ್ಕೆ ಹೋಗುತ್ತದೆ. ಅಲ್ಲಿ ಬೇರೆ ಇಂಜಿನಿಯರುಗಳು ಸಾಲು ಸಾಲಾಗಿ ಓದುತ್ತಾರೆ. ಫೋನಿನ ಮುಂಭಾಗದ ಕ್ಯಾಮೆರಾದಲ್ಲೂ ಹೀಗೆ ಆಗುತ್ತದೆಯೇ ಅಂತ ಕೇಳಿದರು. ಮತ್ತೆ ಡಾರ್ಕ್ ರೂಮು. ಬೆಳಕು ಜಾಸ್ತಿ ಇದ್ದಾಗಲೂ ಆಗುತ್ತದೆಯೇ ಅಂತ ಕೇಳಿದರು. ಮತ್ತೆ ತೋಟ. ಹೆಸರನ್ನು ಬರೆದ ರೀತಿ ಸರಿಯಿಲ್ಲ ಅಂತ ಒಬ್ಬರು ಹೇಳಿದರು, ಅದನ್ನೂ ತಿದ್ದಿದಳು. ಈ ನಡುವೆ ಗಾಳಿಗೆ ಮರ ಬಿದ್ದು ಮೂರು ದಿನ ಕರೆಂಟು ಇಲ್ಲ, ನೆಟ್ಟೂ ಇಲ್ಲ. ಮೂರು ವಾರ ಆದ ಮೇಲೆ ಒಪ್ಪಿಗೆ ಬಂತು. ಬರೆದದ್ದು ಎಷ್ಟು ಸಾಲು ಅಂತ ಕೇಳಿದೆ. ಪರೀಕ್ಷೆಯ ಕೋಡು ಬಿಟ್ಟರೆ ನಾಲ್ಕು ಸಾಲು.

ಆ ನಾಲ್ಕು ಸಾಲು ಭಾವನ ಫೋನಿಗೆ ತಲುಪಿದ್ದು ಐದು ತಿಂಗಳ ಮೇಲೆ. ಲೈಬ್ರರಿಯ ಹೊಸ ಆವೃತ್ತಿ ಹೊರಬರಬೇಕು, ಆ್ಯಪ್ ಮಾಡಿದವರು ಅದನ್ನು ತಗೋಬೇಕು, ಭಾವ ಅಪ್‌ಡೇಟ್ ಒತ್ತಬೇಕು. ಅಷ್ಟರಲ್ಲಿ ಕೊಯ್ಲು ಶುರುವಾಗಿತ್ತು. ಸುಲಿಯುವ ಚಪ್ಪರದ ಕೆಳಗೆ, ಸಂಜೆ ಕತ್ತಲಲ್ಲಿ, ಭಾವ ಒಂದು ಸೋಗೆ ಹಿಡಿದು ಅದೇ ಆ್ಯಪ್‌ನಲ್ಲಿ ಫೋಟೋ ತೆಗೆದರು. ಚುಕ್ಕಿಯ ಸುತ್ತಲಿನ ಹಳದಿ ಅಂಚೂ ಕಂಡಿತು. ಅವರು ಮಗಳಿಗೆ ಫೋನ್ ಮಾಡಿ ಒಂದೇ ಮಾತು ಹೇಳಿದರು, 'ಬಂತು ಕಣೇ.' ನಲವತ್ತು ವರ್ಷ ಈ ಕೆಲಸದಲ್ಲಿ ಇದ್ದವನು ನಾನು. ಗಿರಾಕಿಯ ಆ ದನಿ ನನಗೆ ಗೊತ್ತು. ಕಣ್ಣು ತುಂಬಿತು.

ಆ ಮಾಡೆಲ್ ಫೋನು ಭಾವನ ಹತ್ತಿರ ಒಂದೇ ಇಲ್ಲವಲ್ಲ. ಎಲ್ಲೆಲ್ಲಿ ಯಾರ್ಯಾರ ಕೈಯಲ್ಲಿ ಅದು ಇದೆಯೋ, ಈ ಲೈಬ್ರರಿ ಬಳಸುವ ಯಾವ ಆ್ಯಪ್‌ನಲ್ಲಿ ಅವರು ಫೋಟೋ ತೆಗೆದರೂ, ನಮ್ಮ ಡಾರ್ಕ್ ರೂಮಿನಲ್ಲಿ ಮಾಡಿದ ಕೆಲಸ ಅಲ್ಲಿ ಇರುತ್ತದೆ. ಅವರಿಗೆ ನನ್ನ ಮಗಳ ಹೆಸರು ಗೊತ್ತಾಗುವುದಿಲ್ಲ. ನೆಗೆಟಿವ್ ಮೇಲೆ ಪೆನ್ಸಿಲ್ ಹಿಡಿದು ಕಲೆ ಮುಚ್ಚುತ್ತಿದ್ದ ಟಚಿಂಗ್ ಕೆಲಸದವರ ಹೆಸರು ಯಾವ ಆಲ್ಬಮ್ಮಿನಲ್ಲಿ ಇತ್ತು?

ಇನ್ನೊಂದು ವಿಷಯ ಚಿಕ್ಕದಾಗಿ ಹೇಳುತ್ತೇನೆ. ಶಿವಮೊಗ್ಗದ ಒಂದು ಕಾಲೇಜಿನ ಮಕ್ಕಳು ಸೋಗೆಯ ರೋಗ ಗುರುತಿಸುವ ಪ್ರಾಜೆಕ್ಟ್ ಮಾಡುತ್ತಿದ್ದರು. ಅವರ ಆ್ಯಪ್ ಮೊದಲ ಚಿತ್ರ ನೋಡಿ ಅಲ್ಲೇ ನಿಂತುಬಿಡುತ್ತಿತ್ತು. ಒಂದು ಚಿತ್ರದ ಲೆಕ್ಕ ಆದ ಮೇಲೆ ಅದನ್ನು ಮುಚ್ಚಿ ವಾಪಸ್ ಕೊಡಬೇಕು, ಆಗಲೇ ಲೈಬ್ರರಿ ಮುಂದಿನ ಚಿತ್ರ ಕೊಡುವುದು. ಇವರು ಮುಚ್ಚಿರಲಿಲ್ಲ. ಮಗಳು ಒಂದು ಸಾಲು ಸೇರಿಸಿಕೊಟ್ಟಳು. ಆ ಮಕ್ಕಳು ಬುದ್ಧಿವಂತರು. ಆದರೆ ಕ್ಯಾಮೆರಾಎಕ್ಸ್‌ನ ಕೋಡ್ ತೆರೆದು ಓದಬಹುದು, ತಾವೂ ತಿದ್ದುಪಡಿ ಕಳಿಸಬಹುದು ಅಂತ ಅವರಿಗೆ ಯಾರೂ ಹೇಳಿರಲಿಲ್ಲ. ಇದು ನನಗೆ ಬಹಳ ಬೇಸರ ತಂದ ಸಂಗತಿ. ನಮ್ಮ ಜಿಲ್ಲೆಯ ಕಾಲೇಜುಗಳ ಮೇಷ್ಟರುಗಳಲ್ಲಿ ನನ್ನ ಬೇಡಿಕೆ ಇದು. ಕಡೇ ವರ್ಷದ ಪ್ರಾಜೆಕ್ಟಿಗೆ ಬದಲಾಗಿ, ಇಂಥ ತೆರೆದ ಲೈಬ್ರರಿಗೆ ಒಪ್ಪಿಗೆಯಾದ ಒಂದು ತಿದ್ದುಪಡಿಯನ್ನು ಲೆಕ್ಕಕ್ಕೆ ತಗೊಳ್ಳಿ. ಅದು ನಾಲ್ಕೇ ಸಾಲು ಇರಲಿ. ಗೊತ್ತಿಲ್ಲದ ಊರಿನ ಇಂಜಿನಿಯರು ಕೇಳಿದ ಪ್ರಶ್ನೆಗೆ ಪರೀಕ್ಷೆ ಮಾಡಿ ಉತ್ತರ ಬರೆಯುವಾಗ ಕಲಿಯುವುದು ಸಣ್ಣದಲ್ಲ. ನಾನೇ ಕಣ್ಣಾರೆ ನೋಡಿದ್ದೇನೆ.

ರೈತರಿಗಾಗಿ ಆ್ಯಪ್ ಮಾಡುವವರಿಗೂ ಒಂದು ಮಾತು. 2020ರಿಂದ ಬೆಳೆ ಸಮೀಕ್ಷೆಯ ಫೋಟೋವನ್ನೂ ರೈತರೇ ತಮ್ಮ ಫೋನಿನಿಂದ ಹಾಕುವ ವ್ಯವಸ್ಥೆ ಬಂದಿದೆ. ಅಂದರೆ ಫೋಟೋ ಸರಿ ಬರುವುದು ಈಗ ಪಹಣಿಯಷ್ಟೇ ಮುಖ್ಯ, ಅಲ್ವಾ? ಹಾಗಿರುವಾಗ ಆ್ಯಪ್ ಹೊರಗೆ ಬಿಡುವ ಮೊದಲು ಏಳೆಂಟು ಸಾವಿರ ರೂಪಾಯಿಯ ಒಂದು ಹಳೇ ಫೋನ್ ಹಿಡಿದು, ಜುಲೈನಲ್ಲಿ ಒಂದು ಸಲ ಅಡಿಕೆ ತೋಟದೊಳಗೆ ಹೋಗಿ ನೋಡಿ. ಆಫೀಸಿನ ಟ್ಯೂಬ್‌ಲೈಟಿನ ಕೆಳಗೆ ಭಾವನ ಫೋನಿನ ಚಾಳಿ ಕಾಣುವುದಿಲ್ಲ.

ಓದುಗರಲ್ಲಿಯೂ ಕೇಳಿಕೊಳ್ಳುತ್ತೇನೆ. ಕ್ಯಾಮೆರಾ ಕೈಕೊಟ್ಟರೆ 'ಈ ಫೋನೇ ಸರಿಯಿಲ್ಲ' ಅಂತ ಸುಮ್ನೆ ಇರಬೇಡಿ. ಫೋನಿನದೇ ಕ್ಯಾಮೆರಾದಲ್ಲಿ ಒಂದು, ಆ ಆ್ಯಪ್‌ನಲ್ಲಿ ಒಂದು, ಒಂದೇ ಜಾಗದಲ್ಲಿ ಎರಡು ಫೋಟೋ ತೆಗೆಯಿರಿ. ಸೆಟ್ಟಿಂಗ್ಸ್‌ನಲ್ಲಿ 'ಫೋನ್ ಕುರಿತು' ಒತ್ತಿ ಮಾಡೆಲ್ ಮತ್ತು ಆಂಡ್ರಾಯ್ಡ್ ಆವೃತ್ತಿ ಬರೆದುಕೊಳ್ಳಿ. ಅದನ್ನು ಆ್ಯಪ್ ಮಾಡಿದವರಿಗೆ ಕಳಿಸಿ. ಗೂಗಲ್‌ನವರ ಹತ್ತಿರ ಕ್ಯಾಮೆರಾಎಕ್ಸ್ ಪರೀಕ್ಷೆಗೆಂದೇ ಫೋನುಗಳಿಂದ ತುಂಬಿದ ಪ್ರಯೋಗಾಲಯ ಇದೆ. ಆದರೂ ಭಾವನ ಫೋನಿನ ತೊಂದರೆ ತಿಳಿದದ್ದು ಭಾವ ಮಳೆಯಲ್ಲಿ ಬಸ್ ಹತ್ತಿ ಬಂದದ್ದರಿಂದ.

ಡಾರ್ಕ್ ರೂಮನ್ನು ನಾವು ಮತ್ತೆ ಗೋದಾಮು ಮಾಡಿಲ್ಲ. ಮೇಜಿನ ಮೇಲೆ ಈಗ ಹನ್ನೊಂದು ಹಳೇ ಫೋನುಗಳಿವೆ. ಪರದೆ ಒಡೆದದ್ದು, ಬ್ಯಾಟರಿ ಉಬ್ಬಿದ್ದನ್ನು ಬದಲಿಸಿದ್ದು, ಅಂಗಡಿಯವರು ಬೇಡ ಅಂದದ್ದು. ಮಗಳು ಹೊಸ ಆವೃತ್ತಿ ಬಂದಾಗಲೆಲ್ಲ ಒಂದೊಂದರಲ್ಲೂ ಹಾಕಿ ನೋಡುತ್ತಾಳೆ. ನಿಮ್ಮ ಮನೆಯಲ್ಲೂ ಕಪಾಟಿನಲ್ಲಿ ಇಂಥದ್ದು ಇದ್ದರೆ ಗುಜರಿಗೆ ಹಾಕುವ ಮೊದಲು ನಮಗೆ ಕೊಡಿ. ಚಾಲೂ ಆಗುವಂತಿದ್ದರೆ ಸಾಕು. ಸಿಮ್ ತೆಗೆದು, ಒಳಗಿನ ಫೋಟೋ, ನಂಬರು ಎಲ್ಲ ಅಳಿಸಿ, ಯಾವ ತೊಂದರೆ ಇತ್ತು ಅಂತ ಒಂದು ಚೀಟಿ ಬರೆದು ರಬ್ಬರ್ ಹಾಕಿ ಕೊಟ್ಟರೆ ಆಯಿತು. ಹೋದ ವಾರ ಪತ್ರ ಬರೆದವರೂ ಒಂದು ಸಲ ಬನ್ನಿ, ಗೋಡೆಗೆ ಅಂಟಿಸಿದ ಸೋಗೆ ಇನ್ನೂ ಅಲ್ಲೇ ಇದೆ, ತೋರಿಸುತ್ತೇನೆ. ಸ್ಟುಡಿಯೋ ಬೆಳಿಗ್ಗೆ ಒಂಬತ್ತೂವರೆಗೆ ತೆರೆಯುತ್ತದೆ, ಮಧ್ಯಾಹ್ನ ಊಟಕ್ಕೆ ಒಂದು ಗಂಟೆ ಮುಚ್ಚಿರುತ್ತದೆ, ಮಂಗಳವಾರ ರಜೆ.

ಇಂತಿ,
ಸ್ಟುಡಿಯೋದ ಹಳೆಯ ಫೋಟೋಗ್ರಾಫರ್,
ತೀರ್ಥಹಳ್ಳಿ